ಗಿರಣಿಯ ಹೊಸ್ತಿಲಲ್ಲಿ ಬರೆದ ವರದಿ

ಬಾಡಿಗೆ ಕಟ್ಟಡಗಳ ವೈರಿಂಗ್ ತಪಾಸಣೆ ಮಾಡಿ ವರದಿ ಬರೆದುಕೊಡುವುದು ನನ್ನ ಉದ್ಯೋಗ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ನನ್ನನ್ನು ಕರೆಸುವ ಮಾಲಕರಿಗೆ ಬೇಕಾದದ್ದು ತಪಾಸಣೆಯಲ್ಲ, ಸಹಿ. ಮೀಟರ್ ಬೋರ್ಡಿನ ಮುಂದೆ ಕುರ್ಚಿ ಹಾಕುತ್ತಾರೆ, ಚಹಾ ತರಿಸುತ್ತಾರೆ, ಪೆನ್ನನ್ನೂ ಅವರೇ ಕೊಡುತ್ತಾರೆ. ಒಳಗೆ ದುಡಿಯುವ ಬಾಡಿಗೆದಾರರನ್ನು ಒಂದು ಮಾತು ಕೇಳೋಣವೆಂದರೆ, "ಅವ್ರಿಗೆಂತ ಗೊತ್ತು?" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈ ಉರಿಯುತ್ತದೆ.

ಯಲ್ಲಾಪುರದಿಂದ ಮಾಗೋಡಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿಯಿದೆ. ಬಾಡಿಗೆ ಮಳಿಗೆ, ನಡೆಸುವವಳು ನಡುವಯಸ್ಸಿನ ಹೆಂಗಸು. ವಿಮೆಗೆ ವರದಿ ಬೇಕೆಂದು ಕಟ್ಟಡದ ಮಾಲಕರು ಈ ಬೇಸಿಗೆಯಲ್ಲಿ ನನ್ನನ್ನು ಕರೆಸಿದ್ದರು. ಹೊಸ್ತಿಲ ಹೊರಗೆ ಚಪ್ಪಲಿಗಳ ಸಾಲು. ಹಿಟ್ಟು ಅಂದರೆ ಅನ್ನ, ಅದನ್ನು ಬೀಸುವಲ್ಲಿಗೆ ಚಪ್ಪಲಿ ಮೆಟ್ಟಿಕೊಂಡು ಯಾರೂ ಹೋಗುವುದಿಲ್ಲ. ನಾನೂ ಬೂಟು ಬಿಚ್ಚಿ ಒಳಗೆ ಹೋದೆ. ಗೋಧಿ ತಂದಿದ್ದ ಹುಡುಗಿಯೊಬ್ಬಳು ಹಿಟ್ಟು ಬಳಿಯಲು ಯಂತ್ರಕ್ಕೆ ಕೈ ತಾಗಿಸಿ ಫಕ್ಕನೆ ಹಿಂದೆಳೆದುಕೊಂಡಳು. "ಮತ್ತೆ ಕಚ್ತು!" ಎಂದು ನಕ್ಕಳು. ಉಳಿದ ಹೆಂಗಸರೂ ನಕ್ಕರು. ನನಗೆ ನಗು ಬರಲಿಲ್ಲ.

"ಬೆಳಿಗ್ಗೆ ನೆಲ ತೊಳೆದ ಮೇಲೆ ಸ್ವಲ್ಪ ಜಾಸ್ತಿ ಅಣ್ಣ. ಹಾಗಂತ ಚಪ್ಲಿ ಹಾಕ್ಕಂಡು ಬನ್ನಿ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದಳು ಗಿರಣಿಯವಳು.

ಅಷ್ಟರಲ್ಲಿ ಮಾಲಕರು ಬಂದರು, ದಪ್ಪ ರಬ್ಬರ್ ಅಡಿಯ ಬೂಟಿನಲ್ಲೇ. ಯಂತ್ರವನ್ನು ಎಮ್ಮೆಯ ಬೆನ್ನು ತಟ್ಟಿದಂತೆ ಎರಡು ಸಲ ತಟ್ಟಿದರು. "ಎಂತದೂ ಇಲ್ಲೆ ಮಾರಾಯ. ಆನು ಬಂದಾಗೆಲ್ಲ ಮುಟ್ತೆ" ಎಂದು ತಮ್ಮತ್ತಲೇ ಬೆರಳು ತೋರಿಸಿಕೊಂಡರು.

ಯಂತ್ರದ ಮೈಗೆ ಟೆಸ್ಟರ್ ಇಟ್ಟೆ, ಅದರ ದೀಪ ಹತ್ತಿತು. ಅರ್ಥಿಂಗ್ ತಂತಿಯನ್ನು ಹಿಡಿದು ಗೋಡೆಯ ಹೊರಗೆ ಹೋದರೆ, ಅದು ಮಾಲಕರ ಕಾರು ನಿಲ್ಲಿಸುವ ಟೈಲ್ಸಿನ ಅಂಚಿಗೆ ತುಂಡಾಗಿ ನಿಂತಿತ್ತು. ತಂತಿ ಮಣ್ಣಿಗಿಳಿಯಬೇಕಾದ ಗುಂಡಿಯನ್ನೇ ಮುಚ್ಚಿ ಟೈಲ್ಸ್ ಹಾಕಿಸಿದ್ದರು. ಸೋರಿದ ಕರೆಂಟಿಗೆ ನೆಲಕ್ಕಿಳಿಯಲು ಆ ಹೆಂಗಸರ ಬರಿಗಾಲು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಕಾರಿನ ಚಕ್ರಕ್ಕೆ ಕೆಸರಾಗಬಾರದು, ಸರಿ. ಮನುಷ್ಯರು ಸತ್ತರೆ?

"ಬೂಟ್ ತೆಗ್ದು ಮುಟ್ಟಿ ನೋಡನ" ಎಂದೆ.

ಮುಟ್ಟಲು ನಾನು ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಆದರೆ ಅವರ ಕೈ ಮೆಲ್ಲಗೆ ಪ್ಯಾಂಟಿನ ಜೇಬಿಗೆ ಹೋಯಿತು. ಅಂದರೆ ಗೊತ್ತಿತ್ತು! ಎಲ್ಲ ಗೊತ್ತಿದ್ದೇ ಆ ಹೆಂಗಸರೆದುರು ಯಂತ್ರ ತಟ್ಟಿ ತೋರಿಸುವ ನಾಟಕ. ಮೇನ್ ಸ್ವಿಚ್ ಆರಿಸಿ, ಫ್ಯೂಸುಗಳನ್ನು ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ.

ಮಾಲಕರ ಮುಖ ಕೆಂಪಾಯಿತು. ಕಾರಿನಿಂದ ಒಂದು ಫೈಲು ತಂದು ನನ್ನ ಮೂಗಿನ ಮುಂದೆ ಹಿಡಿದರು. "ಹೋದ್ವರ್ಷ ನೀನೇ ಬರ್ದು ಕೊಟ್ಟಿದ್ದೆ, ಸರಿ ಇದ್ದು ಹೇಳಿ. ಈ ವರ್ಷ ಎಂತಾತು ನಿಂಗೆ?"

ಕಾಗದದಲ್ಲಿ "ಅರ್ಥಿಂಗ್ ಸರಿಯಿದೆ" ಎಂದಿತ್ತು. ಅಕ್ಷರ ನನ್ನದು, ಸಹಿಯೂ ನನ್ನದು. ಟೈಲ್ಸ್ ಆಗಲೇ ಇತ್ತು. ಅವತ್ತು ಸಿದ್ದಾಪುರಕ್ಕೆ ಹೋಗುವ ಅವಸರ. ಲೇಸಿನ ಬೂಟು ಬಿಚ್ಚಿ ಕಟ್ಟುತ್ತ ಯಾರು ಕೂತಾರು ಎಂದು ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿದ್ದೆ. ಬೋರ್ಡು ಚೊಕ್ಕವಾಗಿ ಕಂಡಿತ್ತು, ಬರೆದುಕೊಟ್ಟಿದ್ದೆ. ಇಷ್ಟು ಹೊತ್ತು ಮಾಲಕರ ಮೇಲಿದ್ದ ಸಿಟ್ಟಿಗೆ ಈಗ ನಾನೇ ಸಿಕ್ಕಿದೆ.

"ಇದು ಸುಳ್ಳು ವರದಿ. ಅವತ್ತು ನಾನು ಒಳಗೇ ಬಂದಿರಲಿಲ್ಲ" ಎಂದೆ, ಎಲ್ಲರಿಗೂ ಕೇಳುವಂತೆ. ಮಾಲಕರು ಫೈಲನ್ನು ಹಿಟ್ಟಿನ ಡಬ್ಬದ ಮೇಲೆ ಒಗೆದರು. ಟೈಲ್ಸ್ ಒಡೆಯಲು ಗೌಂಡಿಗೆ ಫೋನು ಮಾಡುತ್ತ ಹೊರಗೆ ಹೋದರು.

ಗಿರಣಿಯವಳು ಆ ಕಾಗದವನ್ನೇ ನೋಡುತ್ತಿದ್ದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಇದ್ರದ್ದೊಂದು ಝೆರಾಕ್ಸ್ ನಂಗೂ ಕೊಟ್ಟಿದ್ರು ಅಣ್ಣ" ಎಂದಳು. "ಅದ್ನ ನಂಬಿ, ಹೆದರಿದವರಿಗೆಲ್ಲ ನಾನೇ ಹೇಳ್ತಿದ್ದೆ, ಏನಾಗೋದಿಲ್ಲ, ಮುಟ್ಟಿ ಅಂತ."