ಪ್ಲಗ್ ಕಿತ್ತಿಟ್ಟ ಮೇಲೆ

ಕೋಲಸಿರ್ಸಿಯ ಮಮತಾ ಅವರ ಹೊಲಿಗೆ ಕೋಣೆಯಲ್ಲಿ ಕ್ಯಾಮೆರಾ ಇರಲೇಬೇಕಿತ್ತು. ಹಿಂದೊಮ್ಮೆ ಅಲ್ಲಿಂದ ಒಂದು ಧಾರೆ ಸೀರೆ ಕಾಣೆಯಾಗಿ, ಮದುವೆ ಮನೆಯವರು ಅಂಗಳದಲ್ಲಿ ನಿಂತು ಆಡಬಾರದ್ದನ್ನು ಆಡಿ ಹೋಗಿದ್ದರು. ಕ್ಯಾಮೆರಾ ಕೂರಿಸಿದ ಮೇಲೆಯೇ ಹೆಂಗಸರು ಮತ್ತೆ ರೇಷ್ಮೆ ಸೀರೆ ಬಿಟ್ಟು ಹೋಗತೊಡಗಿದ್ದು. ಕತ್ತು ತಿರುಗಿಸಬಲ್ಲ ಆ ಕ್ಯಾಮೆರಾದ ಮುಖ ಸೀರೆ ಕಪಾಟಿನ ಕಡೆಗಿತ್ತು. ಬೆನ್ನ ಹಿಂದಿನ ಮೂಲೆಗೆ ಪರದೆ. ರವಿಕೆ ಹಾಕಿ ನೋಡುವುದು ಅಲ್ಲಿ.

ಮಾಘದ ಒಂದು ಮಧ್ಯಾಹ್ನ ಮಮತಾ ಕತ್ತರಿಯಿಂದ ತಲೆ ಎತ್ತಿದಾಗ ಕ್ಯಾಮೆರಾ ಪರದೆಯನ್ನು ನೋಡುತ್ತಿತ್ತು. ಲಾರಿ ಓಡಿಸುವ ಗಂಡ ಮನೋಹರ ಆಗ ಯಲ್ಲಾಪುರದಲ್ಲಿದ್ದರು. ಫೋನ್ ಮಾಡಿದರೆ, "ನಾ ಎಂತಕ್ಕೆ ತಿರುಗ್ಸಲಿ ಮಾರಾಯ್ತಿ? ಸ್ಟೇರಿಂಗ್ ತಿರುಗ್ಸೇ ಸಾಕಾಗದೆ" ಎಂದರು. ಮಮತಾ ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿದರು. ಅದು ಮತ್ತೆ ತಿರುಗಿತು.

ಊರಿಗೆ ಇಂಟರ್ನೆಟ್ ಎಳೆದ ನವೀನ ಬಂದು ನೋಡಿ, ಹೊರಗಿನವರು ಯಾರೋ ಇಂಟರ್ನೆಟ್ಟಿನ ಮೂಲಕ ಅದನ್ನು ತಿರುಗಿಸುತ್ತಿದ್ದಾರೆ ಎಂದರು. ಜಗಲಿಯ ಕ್ಯಾಮೆರಾ ಮನೋಹರರಿಗೆ ಲಾರಿಯಿಂದ ಕಾಣಬೇಕು, ಒಳಗಿನದು ಹೊರಗಿನ ಯಾರಿಗೂ ಕಾಣಬಾರದು. ಎರಡರ ವೈರೂ ಬಂದು ಸೇರುವುದು ಒಂದೇ ಕಡೆ.

"ವೈರು ಸೇರ್ಸೋಕೆ ಸಾದಾ ಸ್ವಿಚ್ ಬೇಡ ಮಮತಕ್ಕ. ಅದಕ್ಕೆ ಎಲ್ಲರೂ ನೆಂಟರೇ. ಮ್ಯಾನೇಜ್ಡ್ ಸ್ವಿಚ್ ತಗಳಿ. ಹೇಳಿದ ಮಾತು ಕೇಳ್ತದೆ."

"ಈ ಮನೇಲಿ ಮಾತು ಕೇಳದು ಒಂದಾದ್ರೂ ಬರ್ಲಿ" ಎಂದರು ಅತ್ತೆ ಚೌಡಮ್ಮ.

ಎಂಟು ತೂತಿನ ಕಬ್ಬಿಣದ ಡಬ್ಬಿ ಬಂತು. ನವೀನ ಒಳಗಿನ ಕ್ಯಾಮೆರಾವನ್ನೂ ಅದರ ರೆಕಾರ್ಡಿಂಗ್ ಪೆಟ್ಟಿಗೆಯನ್ನೂ ಬೇರೆಯೇ ಒಂದು ಗುಂಪಿಗೆ ಹಾಕಿ, ಅದರಿಂದ ಇಂಟರ್ನೆಟ್ಟಿಗೆ ಹೋಗುವ ದಾರಿ ಮುಚ್ಚಿದರು. ಫೋನಿನಲ್ಲಿ ಜಗಲಿ ಕಂಡಿತು, ಹೊಲಿಗೆ ಕೋಣೆ ಕಾಣಲಿಲ್ಲ. ಕಾಣದ್ದು ಇನ್ನು ಯಾಕೆಂದು ಮಮತಾ ಆ ಕ್ಯಾಮೆರಾವನ್ನು ಫೋನಿನಿಂದಲೇ ಅಳಿಸಿದರು. ಅಷ್ಟರಲ್ಲಿ ನವೀನರಿಗೆ ಬೇರೆ ಮನೆಯಿಂದ ಕರೆ ಬಂದು ಅವರು ಹೊರಟರು.

ಅಂಥ ಸ್ವಿಚ್ಚು ಹೇಳಿದ್ದನ್ನು ತಕ್ಷಣ ಮಾಡುತ್ತದೆ. ಆದರೆ ಆರಿ ಹತ್ತಿದ ಮೇಲೂ ಅದು ನೆನಪಿರಬೇಕಾದರೆ 'ಸೇವ್' ಎಂಬುದನ್ನು ಬೇರೆಯಾಗಿ ಒತ್ತಬೇಕು. ನವೀನ ಒತ್ತಿರಲಿಲ್ಲ. ಕರೆಂಟು ದಿನವೂ ಹೋಗುತ್ತಿತ್ತು. ಇನ್ವರ್ಟರ್ ಇದ್ದುದರಿಂದ ಸ್ವಿಚ್ಚು ಆರಲೇ ಇಲ್ಲ, ತಪ್ಪು ಗೊತ್ತಾಗಲೂ ಇಲ್ಲ.

ಯುಗಾದಿ ಕಳೆದು ಗುಡುಗು ಶುರುವಾಯಿತು. ಗುಡುಗು ಕೇಳಿದೊಡನೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ಈ ಕಡೆಯ ಮನೆಗಳ ರೂಢಿ, ಚೌಡಮ್ಮನವರ ಮನೆಯಲ್ಲಿ ಅದು ಅವರದೇ ಕೆಲಸ. ಪಕ್ಕದ ಮನೆಯ ಟಿವಿ ಸಿಡಿಲಿಗೆ ಸುಟ್ಟದ್ದನ್ನು ಕಂಡವರು ಅವರು. ಫ್ರಿಜ್, ಟಿವಿ, ಮಿಕ್ಸಿ, ಕೊನೆಗೆ ಇನ್ವರ್ಟರಿನಲ್ಲಿದ್ದ ಹೊಸ ಡಬ್ಬಿ. ಮಳೆ ನಿಂತ ಮೇಲೆ ಎಲ್ಲವನ್ನೂ ಚುಚ್ಚಿದರು. ಹಸಿರು ದೀಪಗಳು ಮೊದಲಿನಂತೆಯೇ ಹತ್ತಿದವು. ಇಂಟರ್ನೆಟ್ ಬಂತು, ಜಗಲಿ ಕಂಡಿತು, ರೆಕಾರ್ಡಿಂಗ್ ನಡೆಯಿತು. ಮುಚ್ಚಿದ್ದ ದಾರಿಯೊಂದು ತೆರೆದುಕೊಂಡದ್ದನ್ನು ತೋರಿಸುವ ದೀಪ ಅದರಲ್ಲಿರಲಿಲ್ಲ.

ವೈಶಾಖದಲ್ಲಿ ಬನವಾಸಿ ಕಡೆಯಿಂದ ಗಂಗಾಂಬಿಕಾ ಎಂಬ ಮದುಮಗಳು ಬಂದಳು. ಪರದೆಯ ಒಳಗೆ ನಿಂತು, "ತೋಳು ಭಾಳ ಬಿಗಿ ಆಗೇತ್ರಿ ಅಕ್ಕಾರ" ಎಂದಳು.

"ಮದುವೆ ಊಟ ಈಗ್ಲೇ ಶುರು ಮಾಡಿಯನೇ?" ಎನ್ನುತ್ತ ಮಮತಾ ಹೊಲಿಗೆ ಬಿಚ್ಚುತ್ತಿದ್ದರು. ಸೊಳ್ಳೆಯಂಥ ಸಣ್ಣ ಸದ್ದೊಂದು ಬಂದು ನಿಂತಿತು. ತಲೆ ಎತ್ತಿದರು. ಪರದೆಯ ಸರಳಿನ ಮೇಲಿಂದ ಕ್ಯಾಮೆರಾ ನೇರ ಕೆಳಗೆ ನೋಡುತ್ತಿತ್ತು.

ಕೈಗೆ ಸಿಕ್ಕ ಸೀರೆಯನ್ನು ಹುಡುಗಿಯ ಮೇಲೆ ಹೊದಿಸಿ, ಸ್ಟೂಲು ಹತ್ತಿ ವೈರು ಕಿತ್ತರು.

"ಏನಾತ್ರಿ?"

"ಎಂತ ಇಲ್ಲೆ. ಹಲ್ಲಿ."

ಅವಳನ್ನು ಕಳಿಸಿ ನವೀನರಿಗೆ ಫೋನ್ ಮಾಡಿದರು. ಅವರು ಮೊದಲು ಕೇಳಿದ್ದೇ, "ಮಮತಕ್ಕ, ಪ್ಲಗ್ ಯಾರಾದ್ರೂ ಕಿತ್ತಿದ್ರಾ?"

ಮಮತಾ ಅಡುಗೆಮನೆಗೆ ಹೋದರು. "ಅತ್ತೆ, ಗುಡುಗಿಗೆ ಆ ಡಬ್ಬೀದೂ ಕಿತ್ತಿದ್ರಾ?"

"ಕೀಳದೇ ಮತ್ತೆ? ಅಷ್ಟು ದುಡ್ಡು ಕೊಟ್ಟು ತಂದದ್ದು, ಸುಟ್ಟೋಗ್ಲಿ ಅಂತ ಬಿಡದಾ?"

"ಮೊದಲು ಕಿತ್ತದ್ದು ಯಾವಾಗ?"

"ಯಾವ ಗುಡುಗು ಅಂತ ಹೇಳ್ಲಿ ಮಗಾ? ಯುಗಾದಿಯಿಂದ ದಿನಾ ಗುಡುಗ್ತಾ ಇಲ್ಲನೇ?"

ಹೊಲಿಗೆ ಕೋಣೆಯ ಗೋಡೆಯಲ್ಲಿ ಸಾಲಾಗಿ ಖಾಲಿ ಹ್ಯಾಂಗರುಗಳು ತೂಗುತ್ತಿದ್ದವು. ಈ ಸಲದ ಮದುವೆಗಳಿಗೆ ಹೊಲಿದ ರವಿಕೆಗಳನ್ನೆಲ್ಲ ಅವರವರು ಬಂದು, ಅದೇ ಮೂಲೆಯಲ್ಲಿ ಹಾಕಿ ನೋಡಿ ಕೊಂಡೊಯ್ದಿದ್ದರು.