ಅಣ್ಣನ ಸೊಂಟ ಮೂವತ್ತನಾಲ್ಕು

ನನ್ನ ಅಣ್ಣ ಒಳ್ಳೆಯ ದರ್ಜಿ, ಕೆಟ್ಟ ಮನುಷ್ಯ. ಇದನ್ನು ಬೆನ್ನ ಹಿಂದೆ ಹೇಳುತ್ತಿಲ್ಲ, ಒಂದೇ ಅಂಗಡಿಯಲ್ಲಿ ಕೂತು ಮುಖಕ್ಕೇ ಹೇಳಿದ್ದೇನೆ. ಅಳತೆ ತೆಗೆಯುವುದು, ಕತ್ತರಿಸುವುದು, ಹೊಲಿಯುವುದು ಅವನು. ಕಾಜಾ, ಗುಂಡಿ, ಇಸ್ತ್ರಿ ನಾನು. ಅವನ ಕೊರಳಲ್ಲಿ ನೇತಾಡುವ ಬಟ್ಟೆಯ ಟೇಪನ್ನು ಇಪ್ಪತ್ತು ವರ್ಷದಿಂದ ಬೇರೆ ಯಾರೂ ಮುಟ್ಟಿರಲಿಲ್ಲ.

ಮೂರು ವರ್ಷದ ಹಿಂದೆ ನನಗೆ ವೈರಸ್ ಜ್ವರ ಬಂತು. ವಾರದೊಳಗೆ ಅವನಿಗೂ ಅಂಟಿತು. ಇಬ್ಬರೂ ಎದ್ದು ಓಡಾಡಿದೆವು. ಎರಡು ತಿಂಗಳ ಮೇಲೆ ಅವನ ರಕ್ತದಲ್ಲಿ ಸಕ್ಕರೆ ಕಾಣಿಸಿತು. ಸರಿ, ಅಪರಾಧಿ ಮನೆಯಲ್ಲೇ ಸಿಕ್ಕಿಬಿಟ್ಟ.

"ಜ್ವರ ತಂದೋನು ನೀನು. ಶುಗರ್ ಕೊಟ್ಟೋನೂ ನೀನೇ" ಅಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ. ಅಷ್ಟೇ ಆಗಿದ್ದರೆ ಪೀಡೆ ತೊಲಗಿತು ಅಂದುಕೊಳ್ಳುತ್ತಿದ್ದೆ. ಆದರೆ ಜ್ವರದಿಂದ ಬಂದದ್ದು ಜ್ವರದ ಹಾಗೇ ಹೋಗುತ್ತದೆಂದು ಮಾತ್ರೆಯನ್ನೂ ಬಿಟ್ಟ. ಅತ್ತಿಗೆ ಅವನ ತಟ್ಟೆ ನೋಡಿ ಊಟ ಕಡಿಮೆ ಮಾಡಿ ಅಂದರೆ ಅಳತೆ ಪುಸ್ತಕ ತೆರೆದು ತೋರಿಸುತ್ತಿದ್ದ. ವರ್ಷಕ್ಕೊಂದು ಪ್ಯಾಂಟು ತನಗೇ ಹೊಲಿದುಕೊಂಡು ಬರೆದಿಟ್ಟ ಲೆಕ್ಕ ಅದು. ಹತ್ತು ವರ್ಷವೂ ಸೊಂಟ ಮೂವತ್ತನಾಲ್ಕು.

"ತಿಂದು ಬಂದ ಕಾಯಿಲೆ ಆಗಿದ್ರೆ ಸೊಂಟ ಬೆಳೀಬೇಕಿತ್ತಲ್ಲ?"

ಹೊಟ್ಟೆ ಮುಂದೆ ಬಂದಿರುವುದು ನಮಗೆ ಕಾಣುತ್ತಿತ್ತು. ಪ್ಯಾಂಟು ಮಾತ್ರ ಅಚ್ಚುಕಟ್ಟಾಗಿ ಕೂರುತ್ತಿತ್ತು.

ಈ ವರ್ಷ ಮೆಷಿನ್ ಸೂಜಿ ಅವನ ಎಡಗೈ ಹೆಬ್ಬೆರಳಿಗೆ ಹೊಕ್ಕಿತು. ತಿಂಗಳಾದರೂ ಗಾಯ ಒಣಗಲಿಲ್ಲ, ತುದಿ ಕಪ್ಪಾಯಿತು. ಅತ್ತಿಗೆಯ ಕಣ್ಣೀರಿಗೆ ಸೋತು ನಾನೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದರು ಡಾಕ್ಟರಮ್ಮ. ಮಹಾರಾಯ ಅಲ್ಲೂ ಅಳತೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ.

ನರ್ಸ್ ಅವನ ಸೊಂಟಕ್ಕೆ ತನ್ನ ಟೇಪು ಸುತ್ತಿ, "ಮೂವತ್ತಾರು" ಅಂದಳು.

"ನಿಮ್ಮ ಟೇಪೇ ಸರಿಯಿಲ್ಲ" ಅಂದ. ಕುಣಿಯಲಾರದವಳಿಗೆ ನೆಲ ಡೊಂಕು.

ಅವನ ಕೊರಳಿಂದ ಟೇಪು ಕಿತ್ತು ಎರಡನ್ನೂ ಪಕ್ಕಪಕ್ಕ ಹಾಸಿದೆ. ಅರವತ್ತು ಅಂಗುಲ ಮುಗಿಯುವಲ್ಲಿ ಅವನದು ನಾಲ್ಕು ಬೆರಳು ಮುಂದಿತ್ತು. ಎಳೆದೂ ಎಳೆದೂ ಹಿಗ್ಗಿಹೋಗಿ ಮೂವತ್ತಾರನ್ನು ಮೂವತ್ತನಾಲ್ಕೆಂದು ತೋರಿಸುತ್ತಿತ್ತು. ಮೈ ಅಳೆದದ್ದೂ ಅದರಲ್ಲೇ, ಬಟ್ಟೆ ಅಳೆದದ್ದೂ ಅದರಲ್ಲೇ. ಹಾಗಾಗಿ ಯಾರ ಬಟ್ಟೆಯೂ ಕೆಟ್ಟಿರಲಿಲ್ಲ. ನನಗೆ ಚಪ್ಪಾಳೆ ಹೊಡೆಯುವಷ್ಟು ಖುಷಿಯಾಯಿತು.

"ಹಾಗಾದ್ರೆ ನನ್ನ ಜ್ವರದ್ದೇನೂ ಇಲ್ಲ ತಾನೇ, ಡಾಕ್ಟ್ರೇ?"

"ಹಾಗೂ ಹೇಳೋಕಾಗಲ್ಲ" ಅಂದರು ಆಕೆ. "ವೈರಸ್ ಬಂದು ಹೋದ ಮೇಲೆ ಕೆಲವರಲ್ಲಿ ಶುಗರ್ ಕಾಣಿಸ್ಕೊಳ್ಳುತ್ತೆ. ಅದರಿಂದಲೇ ಬಂತಾ, ಒಳಗಿದ್ದದ್ದು ಆಗ ಗೊತ್ತಾಯ್ತಾ ಅಂತ ಇನ್ನೂ ಸಂಶೋಧನೆ ನಡೀತಾ ಇದೆ. ನಿಮ್ಮಣ್ಣಂಗೆ ಬೊಜ್ಜೂ ಸೇರಿರಬಹುದು, ಜ್ವರವೂ ಸೇರಿರಬಹುದು. ಏನೇ ಇದ್ರೂ ಮಾತ್ರೆ ಬಿಡೋ ಹಾಗಿಲ್ಲ."

ನನ್ನ ಖುಷಿಗೆ ತಣ್ಣೀರು ಬಿತ್ತು. ಜಗಳಗಂಟನಿಗೆ ಬೇಕಾದ್ದು ಸಿಕ್ಕಿತ್ತು.

ಮನೆಯಲ್ಲಿ ಅತ್ತಿಗೆ ಮಾತ್ರೆ, ನೀರು ತಂದಿಟ್ಟರೆ ಲೋಟವನ್ನು ಅತ್ತ ತಳ್ಳಿದ. "ಡಾಕ್ಟ್ರೇ ಹೇಳಿದ್ರಲ್ಲ? ಮೊದ್ಲು ಇವನು ಒಪ್ಕೊಳ್ಳಲಿ."

ಕಪಾಳಕ್ಕೆ ಬಿಡೋಣ ಅನ್ನಿಸಿತು. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ಬಟ್ಟೆ ಹಿಡಿಯುವ ಹೆಬ್ಬೆರಳು ಮೇಜಿನ ಮೇಲೆ ಕಪ್ಪಗೆ ಬಿದ್ದಿತ್ತು.

"ಒಪ್ಪಿದೆ ಕಣೋ ಅಣ್ಣ. ನಾನೇ ತಂದೆ, ನಾನೇ ಕೊಟ್ಟೆ. ಈಗ ನುಂಗು."

ನನ್ನನ್ನು ತಿಂದುಹಾಕುವ ಹಾಗೆ ನೋಡುತ್ತಲೇ ನುಂಗಿದ. "ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತಾ ನಿಂಗೆ?"

ಎರಡನೆಯ ಮಾತ್ರೆ ಬಿಡಿಸಿ ಅವನ ಕೈಗೆ ತುರುಕಿದೆ.