ಮಡಿಕೆ ಮರೆಯದ ಮಗು

ಅಳತೆ ಮೀರಿ ಮಾತನಾಡದವಳು, ಆಡಿದ ಮಾತಿಗೆ ತಪ್ಪದವಳು, ಪರರ ಜೇಬಿನಲ್ಲಿ ದೊರೆತ ಪತ್ರವನ್ನು ಓದದೆಯೇ ಒಡೆಯರಿಗೆ ಮುಟ್ಟಿಸುವವಳು, ಎಂತಹ ಕಲೆಯನ್ನು ಕಂಡರೂ ಮೂಗು ಮುರಿಯದವಳು, ದೇವರಲ್ಲಿ ಭಯವನ್ನೂ ಅತ್ತೆಯಲ್ಲಿ ಸಲಿಗೆಯನ್ನೂ ಇರಿಸಿಕೊಂಡವಳು, ಸಾವಿರ ಬಿಳಿ ಬಟ್ಟೆಗಳ ರಾಶಿಯಿಂದಲೂ ಇದು ಇಂಥವರದೆಂದು ತಡವರಿಸದೆ ಎತ್ತಿಕೊಡಬಲ್ಲವಳು: ಇಂತಪ್ಪ ಗುಣಗಳಿಗೆ ಕಣಜವಾಗಿದ್ದ ಹೆಣ್ಣುಮಗಳೊಬ್ಬಳು ಲಾಂಡ್ರಿಯೊಂದರಲ್ಲಿ ದುಡಿಯುತ್ತಿದ್ದಳು. ಬಂದ ಬಟ್ಟೆಗಳ ಅಂಚಿಗೆ, ಎಷ್ಟು ಒಗೆದರೂ ಹೋಗದ ಕಪ್ಪು ಶಾಯಿಯಲ್ಲಿ, ಮನೆಗೊಂದರಂತೆ ಗುರುತು ಬರೆಯುವುದು ಅವಳ ಕೆಲಸ. ಆದುದರಿಂದ ಎಲ್ಲರ ಬಾಯಲ್ಲೂ ಅವಳು ಗುರುತಕ್ಕನೇ ಆಗಿದ್ದಳು.

ಕೆಲಸ ಕಲಿಸಿದ ಮುದಿ ಯಜಮಾನರು ಮೊದಲ ದಿನವೇ ಅವಳಿಗೆ ಹೇಳಿದ್ದರು: "ಶಾಯಿ ಅಳಿಸಿದ ಬಟ್ಟೆ ಬಂದ್ರೆ ಗಾಬರಿ ಆಗ್ಬೇಡಮ್ಮ. ಮಡಿಕೆ ನೋಡು. ಯಾರ ಮನೇಲಿ ಹೇಗೆ ಮಡಚಿಟ್ಟಿದ್ರು ಅನ್ನೋದನ್ನ ಬಟ್ಟೆ ಮರೆಯಲ್ಲ." ಆದರೆ ಅವಳ ಶಾಯಿ ಅಳಿಸಿದ್ದೇ ಇಲ್ಲವಾದ್ದರಿಂದ, ಆ ಮಾತು ಮನಸ್ಸಿನ ಮೂಲೆಯೊಂದರಲ್ಲಿ ಬಳಕೆಯಿಲ್ಲದೆ ಉಳಿದಿತ್ತು.

ಮದುವೆಯಾಗಿ ಆರು ವರ್ಷಗಳ ಮೇಲೆ ಗುರುತಕ್ಕ ಬಸುರಾದಳು. ಏಳನೆಯ ತಿಂಗಳಿನಲ್ಲಿಯೇ ಮೆತ್ತನೆಯ ಹಳೆಯ ಬಿಳಿ ಪಂಚೆಗಳನ್ನು ಹರಿದು ಹನ್ನೆರಡು ತುಂಡು ಮಾಡಿ, ಒಂದೊಂದರ ಅಂಚಿಗೂ ಎರಡು ಚುಕ್ಕೆ, ಕೆಳಗೊಂದು ಅಡ್ಡಗೆರೆ ಬರೆದಳು. ಲಾಂಡ್ರಿಯ ಯಾವ ಗಿರಾಕಿಗೂ ಕೊಡದ ಗುರುತು ಅದು.

ಅತ್ತೆ ಕಂಡು ನಕ್ಕರು. "ಮಗು ಏನು ಕರವಸ್ತ್ರನೇನೇ, ಬೇರೆಯವರ ಗಂಟಲ್ಲಿ ಸೇರಿಕೊಳ್ಳೋಕೆ?"

"ಹನ್ನೊಂದು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಬಟ್ಟೆ ಅದಲುಬದಲಾಗಿಲ್ಲ ಅತ್ತೆ. ನನ್ನ ಮಗುನೇ ಆಗ್ಬೇಕಾ?"

ಅವಳ ಏರ್ಪಾಡು ಸರಳವಾಗಿತ್ತು. ಮಗು ಭೂಮಿಗೆ ಬಂದ ಕ್ಷಣದಲ್ಲಿ ತಾನೇ ಕಣ್ಣಾರೆ ಅದರ ಅಡಿಯಿಂದ ಮುಡಿಯವರೆಗೆ ನೋಡಬೇಕು. ಒಡನೆಯೇ ತನ್ನ ಗುರುತಿನ ಬಟ್ಟೆಯಲ್ಲಿ ಸುತ್ತಿಸಬೇಕು.

ಆದರೆ ಹೊಟ್ಟೆಯೊಳಗಿನ ಜೀವಕ್ಕೆ ಬೇರೆಯದೇ ಏರ್ಪಾಡಿತ್ತು. ಕೊನೆಯ ಎರಡು ತಿಂಗಳು ಅವಳ ಬಲ ಪಕ್ಕೆಲುಬಿನ ಕೆಳಗೆ ಗಟ್ಟಿಯಾದ ಗುಂಡೊಂದು ಒತ್ತಿಕೊಂಡೇ ಇತ್ತು. "ತಲೆ ಇನ್ನೂ ಮೇಲೇ ಇದೆ. ತಿರುಗುತ್ತೇನೋ ನೋಡೋಣ, ಮುಂದಿನ ವಾರ ಬಾ" ಎಂದಿದ್ದಳು ವೈದ್ಯೆ. ನೋವು ಮುಂದಿನ ವಾರದವರೆಗೆ ಕಾಯಲಿಲ್ಲ. ಬೆಳಗ್ಗೆ ಹತ್ತಕ್ಕೆ, ಕೈಯಲ್ಲಿ ಶಾಯಿಯ ಕಡ್ಡಿ ಹಿಡಿದಿದ್ದಾಗಲೇ ಅದು ಬಂದೆರಗಿತು. ಲಾಂಡ್ರಿಯ ಗಾಡಿ ಓಡಿಸುತ್ತಿದ್ದ ಗಂಡ, ಒಗೆದ ಹಾಸಿಗೆ ಹೊದಿಕೆಗಳ ಗಂಟುಗಳ ನಡುವೆಯೇ ಅವಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ತಂದ. ಗುರುತಿನ ಬಟ್ಟೆಗಳ ಗಂಟು ಹಿಡಿದು ಅತ್ತೆಯೂ ಹಿಂದೆಯೇ ಬಂದರು.

ವೈದ್ಯೆ ಹೊಟ್ಟೆಯನ್ನು ಒತ್ತಿ ನೋಡಿದಳು. "ಕೂತ್ಬಿಟ್ಟಿದೆ. ಕಾಲೆರಡನ್ನೂ ನೆಟ್ಟಗೆ ಕಿವಿ ಪಕ್ಕಕ್ಕೆ ಎತ್ತಿಕೊಂಡಿದೆ. ಈಗಲೇ ಆಪರೇಷನ್ ಮಾಡ್ಬೇಕು. ಪೂರ್ತಿ ನಿದ್ದೆ ಬರಿಸ್ತೀವಿ."

"ಹಾಗಾದ್ರೆ ನಾನು ನೋಡೋದು?"

"ಎದ್ದ ಮೇಲೆ ನೋಡ್ತೀಯಮ್ಮ."

ಬೇಡವೆನ್ನಲು ಬಾಯಿ ತೆರೆದಳೋ ಇಲ್ಲವೋ, ಅವಳಿಗೇ ತಿಳಿಯದು. ದೀಪಗಳು ಕರಗಿಹೋದವು.

ಕಣ್ಣು ತೆರೆದಾಗ ಮಧ್ಯಾಹ್ನದ ಬಿಸಿಲು ಗೋಡೆಯ ಮೇಲಿತ್ತು. ನಾಲಗೆ ಹತ್ತಿಯ ಉಂಡೆಯಂತೆ ಒಣಗಿತ್ತು. ತಾನು ಹೆತ್ತೆನೆ, ಹೆರಬೇಕಾಗಿದೆಯೆ ಎಂಬುದೂ ಅವಳಿಗೆ ಬಗೆಹರಿಯಲಿಲ್ಲ. ಅಷ್ಟರಲ್ಲಿ ದಾದಿ ಬಂದು, ನೀಲಿ ಪಟ್ಟೆಯ ಆಸ್ಪತ್ರೆ ಬಟ್ಟೆಯಲ್ಲಿ ಸುತ್ತಿದ್ದ ಕೂಸನ್ನು ಪಕ್ಕದಲ್ಲಿ ಮಲಗಿಸಿದಳು. "ಹೆಣ್ಣು ಮಗು. ಚೆನ್ನಾಗಿದೆ."

ಗುರುತಕ್ಕ ಮುಖ ನೋಡಲಿಲ್ಲ, ಅಂಚು ನೋಡಿದಳು. ಚುಕ್ಕೆಯಿಲ್ಲ, ಗೆರೆಯಿಲ್ಲ. ತಲೆಯೆತ್ತಿದರೆ, ಪಕ್ಕದ ಹಾಸಿಗೆಯಲ್ಲಿ ಎಳೆಯ ಬಾಣಂತಿಯೊಬ್ಬಳ ಮಡಿಲಲ್ಲಿ ಬೇರೊಂದು ಕೂಸು. ಅದಕ್ಕೆ ಹೊದಿಸಿದ್ದ ಬಿಳಿಯ ಬಟ್ಟೆಯ ಅಂಚಿನಲ್ಲಿ ಎರಡು ಚುಕ್ಕೆ, ಕೆಳಗೊಂದು ಅಡ್ಡಗೆರೆ.

"ಅದು ನಂದು" ಎಂದಳು.

"ಹೌದಮ್ಮ, ಬಟ್ಟೆ ನಿಮ್ಮದೇ" ಎಂದಳು ದಾದಿ. "ಪಾಪ, ಇವರಿಗೆ ಬಸ್ಸಲ್ಲೇ ನೋವು ಬಂತು, ಬರಿಗೈಲಿ ಬಂದ್ರು. ನಿಮ್ಮ ಗಂಟಿಂದ ಎರಡು ತೆಗೆದೆ."

"ಬಟ್ಟೆ ಅಲ್ಲ. ಮಗು."

ದಾದಿ ನೀಲಿ ಪಟ್ಟೆಯ ಬಟ್ಟೆಯಲ್ಲಿದ್ದ ಕೂಸಿನ ಕೈಗೆ ಕಟ್ಟಿದ್ದ ಚೀಟಿ ತೋರಿಸಿದಳು. "ನೋಡಿ, ಹಾಸಿಗೆ ಹನ್ನೆರಡು. ನಿಮ್ಮದೇ."

"ಚೀಟಿ ಕಟ್ಟಿದ್ದೂ ಕೈಯೇ ಅಲ್ವಾ ಸಿಸ್ಟರ್? ಚೀಟಿ ಜಾರುತ್ತೆ. ಶಾಯಿ ಜಾರಲ್ಲ."

"ನಾನು ಬಾಗಿಲಲ್ಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದೆ ಕಣೇ" ಎಂದರು ಅತ್ತೆ. ಆಮೇಲೆ, ಸುಳ್ಳಾಡಿ ಅಭ್ಯಾಸವಿಲ್ಲದವರಾದ್ದರಿಂದ, ದನಿ ಇಳಿಸಿದರು. "ಎರಡು ನಿಮಿಷ ನಿನ್ನ ಗಂಡನಿಗೆ ಸುದ್ದಿ ಹೇಳೋಕೆ ಹೋಗಿದ್ದೆ, ಅಷ್ಟೇ."

ಆ ಎರಡು ನಿಮಿಷ ಗುರುತಕ್ಕನ ಪಾಲಿಗೆ ಎರಡು ಯುಗವಾಯಿತು. ಪಕ್ಕದವಳು ಕೂಸನ್ನು ಎದೆಗೆ ಅವಚಿಕೊಂಡು, "ಬಟ್ಟೆ ಬೇಕಾದ್ರೆ ಈಗಲೇ ಬಿಚ್ಚಿಕೊಡ್ತೀನಿ ಅಕ್ಕ. ಇವನನ್ನ ಮಾತ್ರ ಕೇಳ್ಬೇಡಿ. ಹುಟ್ಟಿದ ಕೂಡಲೇ ನೋಡಿದೀನಿ, ಇವನು ಗಂಡು" ಎಂದಳು.

ತನಗೆ ಹುಟ್ಟಿದ್ದು ಗಂಡೋ ಹೆಣ್ಣೋ ಎಂಬುದು ತಾನು ಕಂಡಿದ್ದರಲ್ಲವೆ ಗೊತ್ತಾಗುವುದು? ದಾದಿಯೂ ಪಕ್ಕದವಳೂ ಹೇಳಿದ್ದನ್ನು ನಂಬಬೇಕೆಂದು ಬುದ್ಧಿ ಹೇಳಿತು. ಹನ್ನೊಂದು ವರ್ಷ ಪಳಗಿದ ಕಣ್ಣು ಒಪ್ಪಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ತನ್ನ ಮಗ್ಗುಲಲ್ಲಿದ್ದ ಕೂಸು ಅತ್ತಿತು. ಮುಟ್ಟಲು ಕೈ ಮುಂದಾಯಿತು, ಪರರ ಸೊತ್ತನ್ನು ಮುಟ್ಟಿದಂತಾಗುವುದೇನೋ ಎಂದು ಹಿಂದಾಯಿತು. ತನ್ನದಾಗಿದ್ದರೆ ಇದಕ್ಕಿಂತ ದೊಡ್ಡ ಪಾಪ ಯಾವುದು? ತನ್ನದಲ್ಲದಿದ್ದರೆ ತನ್ನದು ಎಲ್ಲಿ?

"ಒದ್ದೆ ಆಗಿರ್ಬೇಕು. ಯಾರದಾದ್ರೂ ಆಗಲಿ, ಮೊದಲು ಬಟ್ಟೆ ಬದಲಾಯಿಸು" ಎಂದರು ಅತ್ತೆ, ಗಂಟಿನಿಂದ ಗುರುತಿನ ತುಂಡೊಂದನ್ನು ಎಳೆದುಕೊಡುತ್ತ.

ಒದ್ದೆ ಬಟ್ಟೆಯೆಂದರೆ ಗುರುತಕ್ಕನ ಕೈ ಸುಮ್ಮನಿರದು. ಮಲಗಿದಲ್ಲಿಂದಲೇ ನೀಲಿ ಪಟ್ಟೆಯ ಬಟ್ಟೆಯನ್ನು ಬಿಡಿಸಿದಳು. ಬಿಡಿಸಿದ್ದೇ ತಡ, ಕೂಸಿನ ಎರಡೂ ಕಾಲುಗಳು ನೆಟ್ಟಗೆ ಮೇಲೆದ್ದು ಕಿವಿಗಳ ಪಕ್ಕಕ್ಕೆ ಹೋಗಿ ಕುಳಿತವು. ಮೆಲ್ಲಗೆ ಕೆಳಗಿಳಿಸಿದಳು. ಮತ್ತೆ ಮೇಲೆದ್ದವು.

"ಇದೇನೇ ಇದು, ಯಾರೋ ನೀಟಾಗಿ ಮಡಚಿಟ್ಟ ಹಾಗಿದೆ" ಎಂದು ಅತ್ತೆ ಬೆರಗಾದರು.

"ಹೊಟ್ಟೇಲಿ ಹೀಗೇ ಕೂತಿತ್ತಲ್ಲ. ಕೆಲವು ದಿನ ಹೀಗೇ ಮಡಚಿಕೊಳ್ಳುತ್ತೆ, ಆಮೇಲೆ ಸರಿಹೋಗುತ್ತೆ. ಇವತ್ತು ಹುಟ್ಟಿದವರಲ್ಲಿ ಹೀಗೆ ಕೂತಿದ್ದವಳು ಇವಳೊಬ್ಬಳೇ" ಎಂದಳು ದಾದಿ.

ಗುರುತಕ್ಕ ತನ್ನ ಬಲ ಪಕ್ಕೆಲುಬಿನ ಕೆಳಗೆ ಕೈಯಿಟ್ಟಳು. ಎರಡು ತಿಂಗಳು ಒತ್ತಿಕೊಂಡಿದ್ದ ಗುಂಡು ಅಲ್ಲಿರಲಿಲ್ಲ. ಅದೇ ಕೈಯನ್ನು ಕೂಸಿನ ತಲೆಯ ಮೇಲಿಟ್ಟಳು. ಅದೇ ದುಂಡು, ಅದೇ ಗಟ್ಟಿ. ಮುದಿ ಯಜಮಾನರ ಮಾತು ಮೂಲೆಯಿಂದೆದ್ದು ಬಂದಿತು. ಆಗ ಅವಳು ಮೊದಲ ಬಾರಿಗೆ ಮಗುವಿನ ಮುಖ ನೋಡಿದಳು. ಮುಖ ಯಾರ ಹಾಗೂ ಇರಲಿಲ್ಲ. ಅಷ್ಟಾಗಿಯೂ ಅಪ್ಪಿಕೊಂಡಳು. ಹೊಲಿಗೆ ನೋಯಿತು, ಮನಸ್ಸಿನ ಮಂಜು ಅರ್ಧ ಕರಗಿತು, ಅರ್ಧ ಹಾಗೆಯೇ ಉಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಪಕ್ಕಕ್ಕೆ ತಿರುಗಿದಳು. "ತಪ್ಪು ತಿಳ್ಕೋಬೇಡ ತಂಗಿ. ಆ ಬಟ್ಟೆ ನಿನ್ನ ಹತ್ತಿರಾನೇ ಇರಲಿ."

"ನಾಳೆ ಗುರುತು ನೋಡಿ ಮತ್ತೆ ಮಗು ಕೇಳಲ್ಲ ತಾನೇ ಅಕ್ಕ?"

ನಗು ತಡೆಯಲು ಗುರುತಕ್ಕ ಹೊಟ್ಟೆ ಹಿಡಿದುಕೊಳ್ಳಬೇಕಾಯಿತು.

ಜೀವರಾಶಿಯಲ್ಲಿ ಒಂದನ್ನೂ ಅದಲುಬದಲು ಮಾಡದೆ ಎಲ್ಲರ ಗುರುತನ್ನೂ ಬಲ್ಲ ಸ್ವಾಮಿಯು ಆ ತಾಯಿಯ ಕಣ್ಣಿಗೆ ನೆಮ್ಮದಿಯನ್ನೂ ಆ ಕೂಸಿನ ಕಾಲಿಗೆ ನೆಟ್ಟನೆಯ ದಾರಿಯನ್ನೂ ಕೊಡಲಿ. ಸತ್ಯವಂತೆಯಾದ ಅತ್ತೆ, ಗಾಡಿಯ ಗಂಡ, ಆ ಮನೆಯ ಬಾಗಿಲಿಗೆ ಬಂದುಹೋಗುವವರು, ಎಲ್ಲರೂ ತಣ್ಣಗಿರಲಿ.